ರಸ್ತೆ ತಡೆದರೆ ತೈಲ ನಿಂತೀತೇ?

ಮೂರು ವರ್ಷಗಳ ಕಾಲ ಬ್ರಿಟನ್ನಿನ ಹೆದ್ದಾರಿ, ಚಿತ್ರಶಾಲೆ ಹಾಗೂ ಕ್ರೀಡಾಂಗಣಗಳಲ್ಲಿ ಸುದ್ದಿ ಮಾಡಿದ 'ಜಸ್ಟ್ ಸ್ಟಾಪ್ ಆಯಿಲ್' ಸಂಘಟನೆಯು 2025ರ ಏಪ್ರಿಲ್ 26ರಂದು ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಕೊನೆಯ ಪ್ರದರ್ಶನ ನಡೆಸಿ ತನ್ನ ಬೀದಿ ಹೋರಾಟಕ್ಕೆ ತೆರೆ ಎಳೆಯಿತು. ಹೊಸ ತೈಲ ಮತ್ತು ಅನಿಲ ನಿಕ್ಷೇಪಗಳಿಗೆ ಪರವಾನಗಿ ನೀಡಬಾರದೆಂಬ ತನ್ನ ಬೇಡಿಕೆ ಈಗ ಸರ್ಕಾರದ ನೀತಿಯೇ ಆಗಿದೆ, ಆದ್ದರಿಂದ ಗೆಲುವು ತನ್ನದು ಎಂಬುದು ಸಂಘಟನೆಯ ವಾದ. ಜನಸಾಮಾನ್ಯರನ್ನು ಗಂಟೆಗಟ್ಟಲೆ ರಸ್ತೆಯಲ್ಲಿ ಕಾಯಿಸಿದವರಿಗೆ ಕಾನೂನು ಪಾಠ ಕಲಿಸಿದೆ, ಅವರು ಸೋತು ಹಿಂದೆ ಸರಿದಿದ್ದಾರೆ ಎಂಬುದು ವಿರೋಧಿಗಳ ಪ್ರತಿವಾದ.

ಈ ವಾದ-ಪ್ರತಿವಾದಗಳ ಗದ್ದಲದಲ್ಲಿ ಮೂಲ ಪ್ರಶ್ನೆಯೊಂದು ಹಿಂದೆ ಸರಿದಿದೆ. ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಆಸ್ಪತ್ರೆಯ ಸಿರಿಂಜಿನವರೆಗೆ ಎಲ್ಲಕ್ಕೂ ತೈಲವನ್ನೇ ನೆಚ್ಚಿಕೊಂಡ ಸಮಾಜದಲ್ಲಿ ತೈಲದ ವಿರುದ್ಧ ಹೋರಾಡುವ ಬಗೆ ಯಾವುದು? ಆ ಹೋರಾಟದ ಪೆಟ್ಟು ಬೀಳಬೇಕಾದುದು ಯಾರ ಮೇಲೆ? ವಾಸ್ತವವಾಗಿ ಬಿದ್ದುದು ಯಾರ ಮೇಲೆ? ಬ್ರಿಟನ್ನಿನ ಅನುಭವದಲ್ಲಿ ಈ ಪ್ರಶ್ನೆಗಳಿಗೆ ಒಂದಿಷ್ಟು ಉತ್ತರ ಸಿಗುತ್ತದೆ.

ಹೆಸರು ಒಂದು, ಬೇಡಿಕೆ ಇನ್ನೊಂದು

2022ರ ಫೆಬ್ರುವರಿಯಲ್ಲಿ ಹುಟ್ಟಿಕೊಂಡ ಈ ಸಂಘಟನೆಯ ಹೆಸರನ್ನು ಕೇಳಿದವರಿಗೆ, ತೈಲ ಬಳಕೆಯನ್ನು ನಾಳೆಯೇ ನಿಲ್ಲಿಸಬೇಕೆಂಬುದು ಅದರ ಹಟ ಎಂದು ತೋರುವುದು ಸಹಜ. ಆದರೆ ಅದು ಲಿಖಿತವಾಗಿ ಮುಂದಿಟ್ಟ ಬೇಡಿಕೆ ಅಷ್ಟು ವಿಪರೀತದ್ದಲ್ಲ. ಬ್ರಿಟನ್ನಿನಲ್ಲಿ ತೈಲ, ಅನಿಲ, ಕಲ್ಲಿದ್ದಲಿನ ಹೊಸ ಶೋಧಕ್ಕೂ ಹೊಸ ಉತ್ಪಾದನೆಗೂ ಸರ್ಕಾರ ಪರವಾನಗಿ ನೀಡಬಾರದು ಎಂಬುದಷ್ಟೇ ಅದರ ಸಾರ. ಈಗಾಗಲೇ ತೈಲ ನೀಡುತ್ತಿರುವ ಬಾವಿಗಳನ್ನು ತಕ್ಷಣ ಮುಚ್ಚಬೇಕೆಂದು ಅದು ಕೇಳಿರಲಿಲ್ಲ.

ಈ ಬೇಡಿಕೆಗೆ ಆಧಾರವಿಲ್ಲದೆಯೂ ಇರಲಿಲ್ಲ. 2050ರ ವೇಳೆಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವ ಹಾದಿಯನ್ನು ವಿವರಿಸಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2021ರ ಮೇ ತಿಂಗಳಲ್ಲಿ ವರದಿಯೊಂದನ್ನು ಪ್ರಕಟಿಸಿತ್ತು. ಆಗಲೇ ಅನುಮೋದನೆಗೊಂಡ ಯೋಜನೆಗಳ ಹೊರತಾಗಿ ಹೊಸ ತೈಲ ಮತ್ತು ಅನಿಲ ಕ್ಷೇತ್ರಗಳಿಗೆ ಆ ಹಾದಿಯಲ್ಲಿ ಎಡೆಯಿಲ್ಲ ಎಂದು ವರದಿ ತಿಳಿಸಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ, ಶ್ರೀಮಂತ ರಾಷ್ಟ್ರಗಳಿಗೆ ತೈಲದ ಕೊರತೆಯಾಗದಂತೆ ನೋಡಿಕೊಳ್ಳಲೆಂದೇ ಸ್ಥಾಪನೆಯಾದ ಸಂಸ್ಥೆಯಿಂದ ಇಂತಹ ಮಾತು ಬಂದುದು ಗಮನಾರ್ಹ.

ಹೀಗಿದ್ದೂ ಸಂಘಟನೆಯ ಹೆಸರೇ ಅದರ ಬೇಡಿಕೆಯನ್ನು ನುಂಗಿಹಾಕಿತು. ಪರವಾನಗಿ ನೀತಿಯ ಕುರಿತ ಚರ್ಚೆ ಹಿಂದೆ ಬಿದ್ದು, 'ತೈಲವಿಲ್ಲದೆ ನೀವು ಒಂದು ದಿನ ಬದುಕಿ ತೋರಿಸಿ' ಎಂಬ ಸವಾಲು ಮುನ್ನೆಲೆಗೆ ಬಂದಿತು. ಪ್ರತಿಭಟನಾಕಾರರು ತೊಟ್ಟ ಕಿತ್ತಳೆ ಬಣ್ಣದ ಮೇಲಂಗಿಯ ಪಾಲಿಯೆಸ್ಟರ್, ಕೈಯಲ್ಲಿದ್ದ ಮೊಬೈಲಿನ ಪ್ಲಾಸ್ಟಿಕ್, ನೆಲಕ್ಕೆ ಅಂಗೈ ಅಂಟಿಸಿಕೊಳ್ಳಲು ಬಳಸಿದ ಅಂಟು - ಇವೆಲ್ಲವೂ ಪೆಟ್ರೋಲಿಯಂ ಮೂಲದವು ಎಂದು ಟೀಕಾಕಾರರು ಪಟ್ಟಿ ಮಾಡಿದರು. ಪಟ್ಟಿಯೇನೋ ಸರಿಯಾದುದೇ. ಆದರೆ ಅದರಿಂದ ಸಿದ್ಧವಾಗುವುದು ಏನು ಎಂಬುದನ್ನು ತಿಳಿಯಬೇಕಾದರೆ ಒಂದು ಬ್ಯಾರೆಲ್ ಕಚ್ಚಾ ತೈಲದೊಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು.

ಬ್ಯಾರೆಲ್‌ನೊಳಗಿನ ಜಗತ್ತು

ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಜಗತ್ತು ದಿನವೊಂದಕ್ಕೆ ಬಳಸುವ ತೈಲದ ಪ್ರಮಾಣ ಸರಿಸುಮಾರು 10 ಕೋಟಿ ಬ್ಯಾರೆಲ್. ಶುದ್ಧೀಕರಣಾಗಾರದಲ್ಲಿ ಕಚ್ಚಾ ತೈಲವನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಹಾಯಿಸಿದಾಗ ಹಗುರವಾದ ಅಂಶಗಳು ಮೇಲೂ ಭಾರವಾದವು ಕೆಳಗೂ ಬೇರ್ಪಡುತ್ತವೆ. ಮೇಲಿನಿಂದ ಕೆಳಗಿಳಿದಂತೆ ಅಡುಗೆ ಅನಿಲ, ಪೆಟ್ರೋಲ್, ನಾಫ್ತಾ, ಸೀಮೆಎಣ್ಣೆ ಮತ್ತು ವಿಮಾನ ಇಂಧನ, ಡೀಸೆಲ್, ಕೊನೆಗೆ ತಳದಲ್ಲಿ ಉಳಿಯುವ ಡಾಂಬರು ದೊರೆಯುತ್ತವೆ.

ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾರಿಗೆಗೆ ವ್ಯಯವಾಗುತ್ತದೆ. ನಾಫ್ತಾದಂತಹ ಅಂಶಗಳು ಎಥಿಲೀನ್, ಪ್ರೊಪಿಲೀನ್ ಮುಂತಾದ ರಾಸಾಯನಿಕಗಳಾಗಿ, ಅಲ್ಲಿಂದ ಪಾಲಿಥಿನ್ ಚೀಲ, ನೀರಿನ ಕೊಳವೆ, ಬಣ್ಣ, ರಕ್ತದ ಚೀಲ, ಸಿರಿಂಜು, ಬಟ್ಟೆಗಳಾಗಿ ಮನೆ ಸೇರುತ್ತವೆ. ಜಾಗತಿಕ ತೈಲ ಬೇಡಿಕೆಯಲ್ಲಿ ಪೆಟ್ರೋರಾಸಾಯನಿಕಗಳ ಪಾಲು ಶೇ 14ರಷ್ಟು ಎಂದು ಇಂಧನ ಸಂಸ್ಥೆಯ 2018ರ ವರದಿ ಲೆಕ್ಕ ಹಾಕಿತ್ತು. ತೈಲವನ್ನು ಶುದ್ಧೀಕರಿಸುವಾಗ ಹೊರತೆಗೆಯುವ ಗಂಧಕವು ಗಂಧಕಾಮ್ಲವಾಗಿ ರಂಜಕಯುಕ್ತ ಗೊಬ್ಬರದ ತಯಾರಿಕೆಗೆ ಹೋಗುತ್ತದೆ. ಅಂದರೆ ವಾಹನವೇ ಇಲ್ಲದವರ ಊಟದ ತಟ್ಟೆಯಲ್ಲಿಯೂ ತೈಲದ ಅಂಶವಿದೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬ್ಯಾರೆಲ್‌ನಿಂದ ಒಂದೇ ಪದಾರ್ಥವನ್ನು ಬೇಕೆಂದು ಆರಿಸಿಕೊಂಡು ಉಳಿದುದನ್ನು ಬಿಟ್ಟುಬಿಡಲು ಬರುವುದಿಲ್ಲ. ಪ್ರಮಾಣದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಮಾಡಬಹುದಾದರೂ ಡೀಸೆಲ್ ಬೇಕೆಂದರೆ ಪೆಟ್ರೋಲೂ ನಾಫ್ತಾವೂ ಜತೆಗೇ ಬರುತ್ತವೆ. ಕಾರುಗಳೆಲ್ಲ ವಿದ್ಯುತ್‌ಚಾಲಿತವಾದರೂ ಲಾರಿ, ಹಡಗು, ವಿಮಾನ, ಪ್ಲಾಸ್ಟಿಕ್, ಡಾಂಬರುಗಳಿಗಾಗಿ ಕಚ್ಚಾ ತೈಲ ಹರಿಯುತ್ತಲೇ ಇರುತ್ತದೆ. ತೈಲದ ಅವಲಂಬನೆ ವ್ಯಕ್ತಿಯೊಬ್ಬನ ಚಟದಂತಲ್ಲ, ಊರಿಗೇ ಹಾಕಿದ ಅಡಿಪಾಯದಂತೆ. ಆದ್ದರಿಂದ ಪಾಲಿಯೆಸ್ಟರ್ ಮೇಲಂಗಿ ತೊಟ್ಟವನಿಗೆ ತೈಲದ ವಿರುದ್ಧ ಮಾತನಾಡುವ ಹಕ್ಕಿಲ್ಲ ಎಂಬ ಆರೋಪ ನಿಲ್ಲುವುದಿಲ್ಲ. ಹಾಗೆಂದರೆ ಮಾತನಾಡಲು ಯಾರೂ ಉಳಿಯುವುದಿಲ್ಲ.

ಅದೇ ಗೇಟು, ಎರಡು ಹೋರಾಟ

ಈ ಅವಲಂಬನೆಯ ಆಳ ಬ್ರಿಟನ್ನಿಗೆ ಅರಿವಾದುದು ಪರಿಸರವಾದಿಗಳಿಂದಲ್ಲ ಎಂಬುದು ವಿಪರ್ಯಾಸ. 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ಇಂಧನ ತೆರಿಗೆಯನ್ನು ವಿರೋಧಿಸಿ ರೈತರು ಮತ್ತು ಲಾರಿ ಮಾಲೀಕರು ಚೆಷೈರ್‌ನ ಸ್ಟ್ಯಾನ್ಲೊ ಶುದ್ಧೀಕರಣಾಗಾರದ ಮುಂದೆ ಜಮಾಯಿಸಿದರು. ಅಂದು ಪೆಟ್ರೋಲಿನ ಚಿಲ್ಲರೆ ಬೆಲೆಯಲ್ಲಿ ಮುಕ್ಕಾಲು ಭಾಗ ತೆರಿಗೆಯೇ ಆಗಿತ್ತು. ಪ್ರತಿಭಟನೆ ಬೇರೆ ಬೇರೆ ಶುದ್ಧೀಕರಣಾಗಾರ ಮತ್ತು ತೈಲ ಸಂಗ್ರಹಾಗಾರಗಳಿಗೆ ಹಬ್ಬಿತು. ಟ್ಯಾಂಕರ್‌ಗಳು ಹೊರಬರಲಿಲ್ಲ.

ವಾರ ಕಳೆಯುವುದರೊಳಗೆ ಸಾವಿರಾರು ಬಂಕ್‌ಗಳು ಬರಿದಾದವು. ಆಸ್ಪತ್ರೆಗಳು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಬ್ರೆಡ್ಡು, ಹಾಲಿನ ಕೊರತೆಯ ಭೀತಿಯಿಂದ ಜನ ಅಂಗಡಿಗಳಿಗೆ ಮುಗಿಬಿದ್ದರು. ಬಂಕ್‌ಗಳಲ್ಲಿಯಾಗಲಿ ಅಂಗಡಿಗಳಲ್ಲಿಯಾಗಲಿ ಕೆಲವೇ ದಿನಗಳಿಗಾಗುವಷ್ಟು ದಾಸ್ತಾನು ಇಟ್ಟುಕೊಂಡು, ಉಳಿದುದಕ್ಕೆ ದಿನನಿತ್ಯದ ಲಾರಿಗಳನ್ನೇ ನಂಬುವ ವ್ಯವಸ್ಥೆ ಎಷ್ಟು ನಾಜೂಕಾದುದು ಎಂಬುದು ಆಗ ಬಯಲಾಯಿತು. ಸೆಪ್ಟೆಂಬರ್ 14ರ ಹೊತ್ತಿಗೆ ಪ್ರತಿಭಟನೆ ತಣ್ಣಗಾಯಿತಾದರೂ ನವೆಂಬರ್‌ನಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ತೆರಿಗೆ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಆ ಭಯ ಬ್ರಿಟನ್ನಿನ ರಾಜಕಾರಣಿಗಳನ್ನು ಬಹುಕಾಲ ಬಿಡಲಿಲ್ಲ. 2011ರಲ್ಲಿ ಲೀಟರಿಗೆ 57.95 ಪೆನ್ಸ್‌ಗೆ ನಿಂತ ಇಂಧನ ಸುಂಕವನ್ನು ಆಮೇಲೆ ದಶಕಕ್ಕೂ ಹೆಚ್ಚು ಕಾಲ ಯಾವ ಸರ್ಕಾರವೂ ಏರಿಸಲಿಲ್ಲ. 2022ರಲ್ಲಿ ಅದನ್ನು 5 ಪೆನ್ಸ್ ಇಳಿಸಲಾಯಿತು.

2022ರ ಏಪ್ರಿಲ್ 1ರಂದು 'ಜಸ್ಟ್ ಸ್ಟಾಪ್ ಆಯಿಲ್' ಕಾರ್ಯಕರ್ತರು ಮಾಡಿದ್ದೂ ಇದನ್ನೇ. ಇಂಗ್ಲೆಂಡಿನ ಹತ್ತು ತೈಲ ಸಂಗ್ರಹಾಗಾರಗಳ ದಾರಿಗಳಿಗೆ ಅಡ್ಡ ಕುಳಿತರು, ಟ್ಯಾಂಕರ್‌ಗಳ ಮೇಲೇರಿದರು. ಕೆಲವೆಡೆ ಬಂಕ್‌ಗಳಲ್ಲಿ ತಾತ್ಕಾಲಿಕ ಕೊರತೆಯೂ ಕಂಡುಬಂದಿತು. ಆದರೆ 2000ದ ಪವಾಡ ಮರುಕಳಿಸಲಿಲ್ಲ. ಕಾರಣ ಸರಳ. ಅಂದು ಟ್ಯಾಂಕರ್ ಚಾಲಕರ ಸಹಾನುಭೂತಿ ಗೇಟಿನ ಹೊರಗಿದ್ದವರ ಪರವಾಗಿತ್ತು. ಅಗ್ಗದ ಇಂಧನ ಎಲ್ಲರಿಗೂ ಬೇಕಾಗಿತ್ತು. 2022ರಲ್ಲಿ ಗೇಟಿನ ಮುಂದೆ ಕುಳಿತವರ ಬೇಡಿಕೆ ಭವಿಷ್ಯಕ್ಕೆ ಸಂಬಂಧಿಸಿದ್ದು. ಬಂಕ್‌ನಲ್ಲಿ ಕಾದು ನಿಂತವರಿಗೆ ಅದರಿಂದ ಅಂದಂದಿಗೆ ದಕ್ಕುವ ಲಾಭ ಏನೂ ಇರಲಿಲ್ಲ.

ಫ್ರಾನ್ಸ್ ಕಲಿಸಿದ ಪಾಠವೂ ಇದೇ ಬಗೆಯದು. ಇಂಗಾಲದ ಹೆಸರಿನಲ್ಲಿ ಡೀಸೆಲ್ ತೆರಿಗೆ ಏರಿದಾಗ, ಪ್ರತಿ ವಾಹನದಲ್ಲೂ ಕಡ್ಡಾಯವಾಗಿ ಇರಬೇಕಾದ ಹಳದಿ ಮೇಲಂಗಿಯನ್ನೇ ತೊಟ್ಟು ಜನ 2018ರ ನವೆಂಬರ್ 17ರಂದು ರಸ್ತೆಗಿಳಿದರು. ಬಸ್ಸು-ರೈಲುಗಳ ಸೌಕರ್ಯ ಕಡಿಮೆಯಿದ್ದು ಕಾರನ್ನೇ ನೆಚ್ಚಿದ್ದ ಸಣ್ಣ ಊರುಗಳಲ್ಲಿ ಆ ಚಳವಳಿಗೆ ಬಲವಾದ ಬೆಂಬಲವಿತ್ತು. ತಿಂಗಳೊಳಗೆ ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು. ಪರ್ಯಾಯ ಕೊಡದೆ ಅವಲಂಬನೆಗೆ ದಂಡ ವಿಧಿಸಹೊರಟರೆ ಆಗುವುದೇನು ಎಂಬುದಕ್ಕೆ ಇದು ನಿದರ್ಶನ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತೈಲ ಕಂಪನಿಗಳು ಮತ್ತು ಸ್ಥಳೀಯ ಆಡಳಿತಗಳು ನ್ಯಾಯಾಲಯದ ತಡೆಯಾಜ್ಞೆ ತಂದ ಮೇಲೆ ಸಂಗ್ರಹಾಗಾರಗಳ ಬಳಿ ಸುಳಿಯುವುದೇ ಸೆರೆವಾಸಕ್ಕೆ ದಾರಿಯಾಯಿತು. 2022ರ ಸೆಪ್ಟೆಂಬರ್‌ನಲ್ಲಿ ವಾರಿಕ್‌ಷೈರ್‌ನ ಕಿಂಗ್ಸ್‌ಬರಿ ಸಂಗ್ರಹಾಗಾರದ ಮುಂದೆ ಆಜ್ಞೆ ಉಲ್ಲಂಘಿಸಿದ ಹತ್ತಾರು ಮಂದಿ ಬಂಧನಕ್ಕೊಳಗಾದರು. ಅಕ್ಟೋಬರ್‌ನಿಂದ ಹೋರಾಟ ಲಂಡನ್ನಿನ ರಸ್ತೆಗಳಿಗೆ ಹೊರಳಿತು. ಅದೇ ತಿಂಗಳು ಇಬ್ಬರು ಕಾರ್ಯಕರ್ತರು ಥೇಮ್ಸ್ ನದಿಯ ಡಾರ್ಟ್‌ಫರ್ಡ್ ಸೇತುವೆಯ ತಂತಿಗಳನ್ನು ಏರಿ ಕುಳಿತಿದ್ದರಿಂದ ಸೇತುವೆಯನ್ನು ಸುಮಾರು 40 ಗಂಟೆ ಮುಚ್ಚಬೇಕಾಯಿತು.

ನವೆಂಬರ್‌ನಲ್ಲಿ ಲಂಡನ್ನನ್ನು ಸುತ್ತುವರಿದ ಎಂ25 ವರ್ತುಲ ಹೆದ್ದಾರಿಯ ಸೂಚನಾ ಕಮಾನುಗಳನ್ನು ನಾಲ್ಕು ದಿನ ಕಾರ್ಯಕರ್ತರು ಏರಿದರು. ಇದರಿಂದ 7 ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ತೊಂದರೆಯಾಯಿತು, ಒಟ್ಟು 50 ಸಾವಿರ ಗಂಟೆಗೂ ಅಧಿಕ ವಿಳಂಬವಾಯಿತು, ಆರ್ಥಿಕ ನಷ್ಟ ಕನಿಷ್ಠ 7 ಲಕ್ಷ 65 ಸಾವಿರ ಪೌಂಡ್, ಪೊಲೀಸ್ ವೆಚ್ಚ 11 ಲಕ್ಷ ಪೌಂಡ್ ಮೀರಿತು ಎಂದು ಪ್ರಾಸಿಕ್ಯೂಷನ್ ನ್ಯಾಯಾಲಯಕ್ಕೆ ತಿಳಿಸಿತು. ವಿಮಾನ ತಪ್ಪಿದವರು, ಅಂತ್ಯಸಂಸ್ಕಾರಕ್ಕೆ ತಲುಪಲಾಗದವರು ಇದ್ದರು. ಆಸ್ಪತ್ರೆಯ ಭೇಟಿ ತಪ್ಪಿ ಮತ್ತೆ ಎರಡು ತಿಂಗಳು ಕಾಯಬೇಕಾಗಿ ಬಂದ ಕ್ಯಾನ್ಸರ್ ರೋಗಿಯೊಬ್ಬರ ಪ್ರಸ್ತಾಪವೂ ಶಿಕ್ಷೆ ಪ್ರಕಟಿಸುವಾಗ ಬಂದಿತು.

ಇಲ್ಲಿಯೇ ತಂತ್ರದ ದೌರ್ಬಲ್ಯ ಎದ್ದುಕಾಣುತ್ತದೆ. ಸಮುದ್ರದಲ್ಲಿ ಹೊಸ ಬಾವಿ ಕೊರೆಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವವರು ಸಚಿವಾಲಯದಲ್ಲೂ ಕಂಪನಿಯ ಕಚೇರಿಯಲ್ಲೂ ಇದ್ದಾರೆ. ಹೆದ್ದಾರಿಯಲ್ಲಿ ಸಿಲುಕಿದ ನರ್ಸಿಗಾಗಲಿ, ಕೊಳಾಯಿ ಕೆಲಸದವನಿಗಾಗಲಿ ಆ ತೀರ್ಮಾನದಲ್ಲಿ ಪಾತ್ರವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಎಂದು ಪರಿಸರ ಕಾಳಜಿಯುಳ್ಳವರಿಗೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸಂಘಟನೆಯ ಸಮರ್ಥನೆ ಬೇರೆ. ಅರ್ಜಿ, ಮೆರವಣಿಗೆ, ಮತದಾನಗಳಿಂದ ದಶಕಗಳಲ್ಲಿ ಆಗದ ಕೆಲಸಕ್ಕೆ ಅಡಚಣೆಯೊಂದೇ ಕಿವಿಗೊಡುವಂತೆ ಮಾಡುತ್ತದೆ, ಹವಾಮಾನ ವೈಪರೀತ್ಯ ತರಲಿರುವ ಅಡಚಣೆಯ ಮುಂದೆ ಇದು ಏನೂ ಅಲ್ಲ ಎಂಬುದು ಅದರ ನಿಲುವು.

ಸೂಪು, ಗಾಜು ಮತ್ತು ಸೆರೆಮನೆ

2022ರ ಅಕ್ಟೋಬರ್ 14ರಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ವ್ಯಾನ್ ಗೋ ಅವರ 1888ರ 'ಸೂರ್ಯಕಾಂತಿ' ಚಿತ್ರದ ಮೇಲೆ ಇಬ್ಬರು ಯುವ ಕಾರ್ಯಕರ್ತರು ಟೊಮೆಟೊ ಸೂಪು ಎರಚಿದರು. ಗಾಜಿನ ರಕ್ಷಣೆಯಿದ್ದುದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ, ಚೌಕಟ್ಟಿಗೆ ಹಾನಿಯಾಯಿತು. ಯಾರ ದಾರಿಗೂ ಅಡ್ಡ ಬರದ ಈ ಕೃತ್ಯ ಹೆದ್ದಾರಿ ತಡೆಗಿಂತ ಹೆಚ್ಚು ಪ್ರಚಾರ ಪಡೆಯಿತು. ಆದರೆ ತೈಲಕ್ಕೂ ಸೂರ್ಯಕಾಂತಿಗೂ ಏನು ಸಂಬಂಧ ಎಂಬ ಪ್ರಶ್ನೆಯೇ ಚರ್ಚೆಯನ್ನು ಆವರಿಸಿತು. 2023ರ ನವೆಂಬರ್‌ನಲ್ಲಿ ಅದೇ ಗ್ಯಾಲರಿಯ 'ರೋಕ್ಬಿ ವೀನಸ್' ಚಿತ್ರದ ಗಾಜನ್ನು ಸುತ್ತಿಗೆಯಿಂದ ಒಡೆಯಲಾಯಿತು. ಈ ಚಿತ್ರವನ್ನು ಆರಿಸಿಕೊಂಡುದಕ್ಕೆ ಇತಿಹಾಸದ ಹಿನ್ನೆಲೆಯಿತ್ತು. 1914ರಲ್ಲಿ ಮಹಿಳಾ ಮತದಾನದ ಹೋರಾಟಗಾರ್ತಿ ಮೇರಿ ರಿಚರ್ಡ್‌ಸನ್ ಇದೇ ಚಿತ್ರವನ್ನು ಕತ್ತರಿಸಿದ್ದರು.

ಸರ್ಕಾರದ ಪ್ರತಿಕ್ರಿಯೆ ಕಾನೂನಿನ ರೂಪದಲ್ಲಿ ಬಂದಿತು. 2022ರ ಪೊಲೀಸ್ ಕಾಯ್ದೆಯು ಸಾರ್ವಜನಿಕ ಉಪದ್ರವಕ್ಕೆ ಗರಿಷ್ಠ 10 ವರ್ಷ ಸೆರೆವಾಸವನ್ನು ನಿಗದಿಪಡಿಸಿತು. 2023ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯಡಿ ದೇಹವನ್ನು ವಸ್ತುವಿಗೋ ನೆಲಕ್ಕೋ ಬಂಧಿಸಿಕೊಂಡು ಅಡಚಣೆ ಉಂಟುಮಾಡುವುದೂ ಪ್ರತ್ಯೇಕ ಅಪರಾಧವಾಯಿತು. ಎಂ25 ತಡೆಗೆ ಸಂಚು ಹೂಡಿದ ಆರೋಪದಲ್ಲಿ ಸಂಘಟನೆಯ ಸಹಸ್ಥಾಪಕ ರೋಜರ್ ಹ್ಯಾಲಮ್‌ಗೆ 5 ವರ್ಷ, ಇತರ ನಾಲ್ವರಿಗೆ ತಲಾ 4 ವರ್ಷ ಶಿಕ್ಷೆಯನ್ನು 2024ರ ಜುಲೈನಲ್ಲಿ ವಿಧಿಸಲಾಯಿತು. ಸೂಪು ಎರಚಿದವರಿಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 2 ವರ್ಷ ಹಾಗೂ 20 ತಿಂಗಳ ಶಿಕ್ಷೆಯಾಯಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹ್ಯಾಲಮ್ ಶಿಕ್ಷೆಯನ್ನು 4 ವರ್ಷಕ್ಕೆ ಇಳಿಸಿ, ಉಳಿದ ನಾಲ್ವರ ಶಿಕ್ಷೆಯನ್ನೂ ತಗ್ಗಿಸಿತು. ಸೂಪು ಪ್ರಕರಣದಲ್ಲಿ ಮಾತ್ರ ಬದಲಾವಣೆ ಮಾಡಲಿಲ್ಲ.

ಹಿಂಸೆಗಿಳಿಯದ ಪ್ರತಿಭಟನೆಗೆ ಇಷ್ಟು ಕಠಿಣ ಶಿಕ್ಷೆ ತಕ್ಕುದೇ ಎಂಬ ಚರ್ಚೆ ಬ್ರಿಟನ್ನಿನಲ್ಲಿ ಇನ್ನೂ ಮುಗಿದಿಲ್ಲ. ಕ್ಯಾನ್ಸರ್ ರೋಗಿಯ ಎರಡು ತಿಂಗಳನ್ನು ನೆನೆದವರಿಗೆ ಶಿಕ್ಷೆ ನ್ಯಾಯವೆನಿಸಬಹುದು. ಸಭೆಯೊಂದರಲ್ಲಿ ಯೋಜನೆ ರೂಪಿಸಿದುದಕ್ಕೆ ನಾಲ್ಕೈದು ವರ್ಷ ಎಂಬುದು ಇತರರಿಗೆ ಭೀತಿ ಹುಟ್ಟಿಸಬಹುದು. ಈ ಕಾನೂನುಗಳು ಹವಾಮಾನ ಹೋರಾಟಗಾರರಿಗೆ ಮಾತ್ರ ಅನ್ವಯವಾಗುವುದಿಲ್ಲ, ನಾಳೆ ಇನ್ನಾವುದೋ ಕಾರಣಕ್ಕೆ ರಸ್ತೆಗಿಳಿಯುವವರಿಗೂ ಅನ್ವಯವಾಗುತ್ತವೆ ಎಂಬುದಂತೂ ನಿಜ.

ಫಲಿಸಿದ್ದು ಯಾವುದು?

ಜನಾಭಿಪ್ರಾಯ ಸಂಘಟನೆಯ ಪರವಾಗಿರಲಿಲ್ಲ. ಯೂಗವ್ ಸಂಸ್ಥೆ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಪ್ರತಿಕೂಲ ಅಭಿಪ್ರಾಯ ತಿಳಿಸಿದ್ದರು. ಇದೇ ಬಗೆಯ ತಂತ್ರಗಳಿಗೆ ಹೆಸರಾಗಿದ್ದ 'ಎಕ್ಸ್‌ಟಿಂಕ್ಷನ್ ರೆಬೆಲಿಯನ್' 2023ರ ಹೊಸ ವರ್ಷದಂದೇ ಸಾರ್ವಜನಿಕರಿಗೆ ಅಡಚಣೆ ಮಾಡುವುದನ್ನು ಪ್ರಧಾನ ತಂತ್ರವಾಗಿ ಬಳಸುವುದಿಲ್ಲವೆಂದು ಘೋಷಿಸಿತು. ಆದರೆ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಎಂ25 ತಡೆಗೆ ಮೊದಲು ಮತ್ತು ಅನಂತರ ಅದೇ ಜನರನ್ನು ಪ್ರಶ್ನಿಸಿ ನಡೆಸಿದ ಅಧ್ಯಯನವೊಂದು 2024ರಲ್ಲಿ 'ನೇಚರ್ ಸಸ್ಟೇನೆಬಿಲಿಟಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಉಗ್ರ ಸಂಘಟನೆಯ ಬಗ್ಗೆ ಅರಿವು ಹೆಚ್ಚಿದವರಲ್ಲಿ 'ಫ್ರೆಂಡ್ಸ್ ಆಫ್ ದಿ ಅರ್ತ್'ನಂತಹ ಸೌಮ್ಯ ಸಂಘಟನೆಯ ಕಡೆಗಿನ ಒಲವೂ ಹೆಚ್ಚಿತ್ತು ಎಂದು ಅದು ಕಂಡುಕೊಂಡಿತು. ಬೈಸಿಕೊಂಡವರೊಬ್ಬರು, ಬೆಂಬಲ ಪಡೆದವರು ಇನ್ನೊಬ್ಬರು.

ತೈಲ ಯೋಜನೆಗಳಿಗೆ ನೇರವಾಗಿ ತಡೆಯೊಡ್ಡಿದ ಬೆಳವಣಿಗೆ ಮಾತ್ರ ನಡೆದುದು ರಸ್ತೆಯಲ್ಲಲ್ಲ, ನ್ಯಾಯಾಲಯದಲ್ಲಿ. ಸರ್ರೆ ಕೌಂಟಿಯ ಹಾರ್ಸ್ ಹಿಲ್ ಎಂಬಲ್ಲಿ ತೈಲ ಬಾವಿಗೆ ನೀಡಿದ ಅನುಮತಿಯನ್ನು ಸ್ಥಳೀಯ ನಿವಾಸಿಯೊಬ್ಬರು ಪ್ರಶ್ನಿಸಿದ್ದರು. ತೈಲವನ್ನು ಹೊರತೆಗೆಯುವಾಗಿನ ಮಾಲಿನ್ಯವನ್ನಷ್ಟೇ ಅಲ್ಲ, ಆ ತೈಲ ಉರಿದಾಗಿನ ಹೊರಸೂಸುವಿಕೆಯನ್ನೂ ಪರಿಸರ ಪರಿಣಾಮದ ಲೆಕ್ಕಕ್ಕೆ ಸೇರಿಸಬೇಕು ಎಂದು 2024ರ ಜೂನ್ 20ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 3-2 ಬಹುಮತದಿಂದ ತೀರ್ಪಿತ್ತಿತು. ಅದರ ಆಧಾರದಲ್ಲಿಯೇ 2025ರ ಜನವರಿಯಲ್ಲಿ ಸ್ಕಾಟ್ಲೆಂಡಿನ ನ್ಯಾಯಾಲಯ ರೋಸ್‌ಬ್ಯಾಂಕ್ ತೈಲ ಕ್ಷೇತ್ರ ಮತ್ತು ಜ್ಯಾಕ್‌ಡಾ ಅನಿಲ ಕ್ಷೇತ್ರಗಳಿಗೆ ನೀಡಿದ್ದ ಒಪ್ಪಿಗೆಯನ್ನು ರದ್ದುಪಡಿಸಿ, ಹೊಸದಾಗಿ ನಿರ್ಧರಿಸುವಂತೆ ಸೂಚಿಸಿತು. ಯಾರನ್ನೂ ಕಾಯಿಸದ ಈ ಹೋರಾಟ ನೇರವಾಗಿ ತಟ್ಟಿದುದು ತೀರ್ಮಾನ ಕೈಗೊಳ್ಳುವವರನ್ನು.

2024ರ ಜುಲೈನಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ಹೊಸ ಕ್ಷೇತ್ರಗಳ ಶೋಧಕ್ಕೆ ಪರವಾನಗಿ ಇಲ್ಲವೆಂಬ ಭರವಸೆ ನೀಡಿತ್ತು. 2025ರ ನವೆಂಬರ್‌ನಲ್ಲಿ ಅದನ್ನು ದೃಢಪಡಿಸುವಾಗಲೂ ಹಾಲಿ ಕ್ಷೇತ್ರಗಳಿಗೆ ಹೊಂದಿಕೊಂಡಿರುವ ನಿಕ್ಷೇಪಗಳಿಗೆ ಅವಕಾಶ ಉಳಿಸಿಕೊಂಡಿತು. 1999ರಲ್ಲಿ ಶಿಖರ ಮುಟ್ಟಿದ ಬ್ರಿಟನ್ನಿನ ತೈಲೋತ್ಪಾದನೆ 2023ರ ವೇಳೆಗೆ ಅದರ ಕಾಲು ಭಾಗಕ್ಕೆ ಕುಸಿದಿತ್ತು ಎಂಬುದನ್ನೂ ಮರೆಯುವಂತಿಲ್ಲ. ಉತ್ಪಾದನೆ ಕುಸಿದ ವೇಗದಲ್ಲಿ ಬಳಕೆ ಇಳಿಯಲಿಲ್ಲ, ಆಮದು ಆ ಜಾಗವನ್ನು ತುಂಬಿತು.

ಬಂಕ್‌ನ ಈಚೆಗೆ

ಬಳಕೆ ಇಳಿಯುವುದು ಹೇಗೆ ಎಂಬುದಕ್ಕೆ ನಾರ್ವೆ ಉದಾಹರಣೆ. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳ ಪೈಕಿ ಶೇ 89ರಷ್ಟು ವಿದ್ಯುತ್‌ಚಾಲಿತ. ಅಲ್ಲಿನವರು ನಮಗಿಂತ ಸದ್ಗುಣಿಗಳೆಂದು ಹೀಗಾಗಲಿಲ್ಲ. 1990ರ ದಶಕದಿಂದ ಒಂದೊಂದಾಗಿ ನೀಡುತ್ತ ಬಂದ ತೆರಿಗೆ ವಿನಾಯಿತಿ, ಚಾರ್ಜಿಂಗ್ ಸೌಕರ್ಯಗಳು ವಿದ್ಯುತ್ ಕಾರನ್ನು ಲಾಭದಾಯಕವಾಗಿಸಿದವು. ಅದೇ ನಾರ್ವೆ ತೈಲ ರಫ್ತಿನಿಂದ ಸಂಪತ್ತು ಗಳಿಸಿದ ದೇಶ ಎಂಬುದು ಕಥೆಯ ಇನ್ನೊಂದು ಮುಖ.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಪೂರೈಕೆ ಕಡಿದರೆ ಎಂಬ ಭಯದಿಂದಲೇ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯದ ಬಂಡೆಗುಹೆಗಳಲ್ಲಿ ತೈಲ ಸಂಗ್ರಹಕ್ಕೆ ವ್ಯವಸ್ಥೆ ಮಾಡಲಾಗಿದೆ. ವಿಶಾಖಪಟ್ಟಣದ ಸಂಗ್ರಹಾಗಾರವನ್ನೂ ಸೇರಿಸಿಕೊಂಡರೆ ಈ ಮೂರೂ ತುಂಬಿದ್ದಾಗ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು. ಇಲ್ಲಿಯೂ ಇಂಧನದ ಹೆಸರಿನಲ್ಲಿ ವಾಹನ ನಿಲ್ಲುವುದು ಬೆಲೆ ಇಳಿಸಿ ಎಂಬ ಬೇಡಿಕೆಗೇ. 2025ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಇದಕ್ಕೆ ಸಾಕ್ಷಿ.

ಬ್ರಿಟನ್ನಿನ ಅನುಭವದಿಂದ ಹೊರಡುವ ತಾತ್ಪರ್ಯ ಇಷ್ಟು. ತೈಲವನ್ನು ಅವಲಂಬಿಸಿದವರು ತಪ್ಪಿತಸ್ಥರಲ್ಲ, ಅವಲಂಬನೆಯನ್ನು ಪ್ರಶ್ನಿಸುವವರು ಕಪಟಿಗಳೂ ಅಲ್ಲ. ಇಬ್ಬರೂ ಅದೇ ಡಾಂಬರು ರಸ್ತೆಯ ಮೇಲೆ ನಿಂತವರು. ಅವರಿಬ್ಬರನ್ನು ಪರಸ್ಪರ ಎದುರಾಳಿಗಳನ್ನಾಗಿಸುವ ತಂತ್ರ ಸುದ್ದಿಯಾದೀತು, ಆದರೆ ಬಾವಿ ಕೊರೆಯುವ ತೀರ್ಮಾನ ಆಗುವ ಕೋಣೆಯ ಬಾಗಿಲನ್ನು ಅದು ತಟ್ಟುವುದಿಲ್ಲ. ಬಸ್ಸಿಲ್ಲದ ಊರಿಗೆ ಬಸ್ಸು, ಅಗ್ಗದ ವಿದ್ಯುತ್ ವಾಹನ, ಅನುಮತಿ ಪತ್ರದಲ್ಲಿ ಹೊಗೆಯ ಪೂರ್ಣ ಲೆಕ್ಕ - ಬಂಕ್‌ನ ಮುಂದಿನ ಸಾಲನ್ನು ಕರಗಿಸುವ ಶಕ್ತಿಯಿರುವುದು ಇವುಗಳಿಗೆ.